ಐದೇ ವರ್ಷ ಬದುಕಿದ ಜಿಲ್ಲಾ ಪರಿಷತ್ತು

ಕರ್ನಾಟಕದಲ್ಲಿ ಸ್ಥಳೀಯ ಆಡಳಿತದ ಚರಿತ್ರೆ ಬರೆಯುವವರು ಹೆಚ್ಚಾಗಿ ಶಾಸನಗಳ ಮಹಾಜನರಿಂದ ಶುರು ಮಾಡುತ್ತಾರೆ. ಅಗ್ರಹಾರದ ಮಹಾಜನರು, ನಾಡಿನ ಗಾವುಂಡರು ಕೆರೆ ಕಟ್ಟಿಸಿದ್ದು, ದತ್ತಿ ನೋಡಿಕೊಂಡದ್ದು, ವ್ಯಾಜ್ಯ ತೀರಿಸಿದ್ದು ಎಲ್ಲವೂ ನಿಜ. ಆದರೆ ಅವರನ್ನು ಯಾರೂ ಆರಿಸಿರಲಿಲ್ಲ, ಊರಿನ ಬಹುಪಾಲು ಜನರಿಗೆ ಆ ಸಭೆಗಳಲ್ಲಿ ಕೂರುವ ಜಾಗವೂ ಇರಲಿಲ್ಲ. ಆ ಪರಂಪರೆಯ ಹೆಸರು ಹೇಳಿ ಇಂದಿನ ಪಂಚಾಯಿತಿಗೆ ಗೌರವ ತರುವ ಪ್ರಯತ್ನ ನನಗೆ ಅನಗತ್ಯವೆನಿಸುತ್ತದೆ. ನಮ್ಮ ಪಂಚಾಯಿತಿಯ ನಿಜವಾದ ಪೂರ್ವಜ ಕಂದಾಯ ಇಲಾಖೆಯ ಕಚೇರಿ. ಸ್ಥಳೀಯ ಆಡಳಿತ ಕುರಿತ 1882ರ ರಿಪನ್ ನಿರ್ಣಯದ ನಂತರದ ವರ್ಷಗಳಲ್ಲಿ, ಮೈಸೂರು ಸಂಸ್ಥಾನದಲ್ಲಿ 1902ರ ಸ್ಥಳೀಯ ಮಂಡಳಿಗಳ ಕಾಯ್ದೆ, 1918 ಮತ್ತು 1926ರ ಗ್ರಾಮ ಪಂಚಾಯಿತಿ ಕಾಯ್ದೆಗಳು ಬಂದಾಗ ಒಂದು ಮಾತು ಬದಲಾಗಲಿಲ್ಲ: ಊರಿನವರು ಸಲಹೆ ಕೊಡಬಹುದು, ಮನೆಗಂದಾಯ ಎತ್ತಬಹುದು, ಚರಂಡಿ ತೆಗೆಸಬಹುದು; ನೌಕರ ಮಾತ್ರ ಸರ್ಕಾರದವನು, ಅವನ ಕಿವಿ ಮೇಲಧಿಕಾರಿಯ ಕಡೆಗೆ. ಬೊಂಬಾಯಿ, ಹೈದರಾಬಾದು, ಮದರಾಸು, ಕೊಡಗುಗಳ ಬೇರೆ ಬೇರೆ ಕಾನೂನುಗಳನ್ನು ಹೊತ್ತು ಬಂದ ಪ್ರದೇಶಗಳನ್ನು 1956ರಲ್ಲಿ ಒಂದುಗೂಡಿಸಿದ ಮೇಲೆ, 1959ರಲ್ಲಿ ಎಲ್ಲಕ್ಕೂ ಒಂದೇ ಕಾಯ್ದೆಯಾಯಿತು. ತಾಲ್ಲೂಕು ಅಭಿವೃದ್ಧಿ ಮಂಡಳಿ ಚುನಾಯಿತವಾಯಿತು. ಜಿಲ್ಲಾ ಮಟ್ಟದ ಪರಿಷತ್ತು ಮಾತ್ರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಲಹೆ ಕೊಡುವ ಸಭೆಯಾಗಿಯೇ ಉಳಿಯಿತು.

ಈ ಹಿನ್ನೆಲೆ ಇಲ್ಲದೆ 1987ರಲ್ಲಿ ಆದದ್ದು ಎಷ್ಟು ದೊಡ್ಡದು ಎಂಬುದು ತಿಳಿಯುವುದಿಲ್ಲ. 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಬಂದಾಗ ಪಂಚಾಯತ್ ರಾಜ್ ಖಾತೆ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರ ಕೈಗೆ ಬಂತು. ಹಳ್ಳಿ ಹಳ್ಳಿಗೆ ಕೊಳವೆಬಾವಿ ತೋಡಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು ಅವರು. ಅಶೋಕ ಮೆಹ್ತಾ ಸಮಿತಿ 1978ರಲ್ಲಿ ಹೇಳಿದ್ದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಲ್ಪನೆಯನ್ನು ಅವರು ಮಸೂದೆಯಾಗಿಸಿದರು. ವಿಧಾನಮಂಡಲ ಒಪ್ಪಿದರೂ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟ ಚುನಾವಣೆ ಅದು. ಸಂವಿಧಾನವೇ ಮೂರನೇ ಒಂದರಷ್ಟು ಎಂದು ಹೇಳುವುದಕ್ಕೆ ಆರು ವರ್ಷ ಮೊದಲೇ ಸಾವಿರಾರು ಹೆಂಗಸರು ಮಂಡಲಗಳಲ್ಲಿ ಕೂತರು. ಆದರೂ ಆ ಪ್ರಯೋಗದ ತಿರುಳು ಚುನಾವಣೆಯಲ್ಲಿ ಇರಲಿಲ್ಲ, ಮೀಸಲಾತಿಯಲ್ಲೂ ಇರಲಿಲ್ಲ ಎಂಬುದು ನನ್ನ ವಾದ. ತಿರುಳಿದ್ದದ್ದು ನೌಕರ ಯಾರಿಗೆ ಉತ್ತರ ಕೊಡಬೇಕು ಎಂಬ ಒಂದೇ ಪ್ರಶ್ನೆಯಲ್ಲಿ.

ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಗೂಟದ ಕಾರು ಎಂದು ಅದನ್ನು ಆಗ ಹಲವರು ಗೇಲಿ ಮಾಡಿದ್ದುಂಟು. ಗೇಲಿ ಮಾಡಿದವರ ಕಣ್ಣಿಗೆ ಬೀಳದೆ ಹೋದದ್ದು ಆ ಅಧ್ಯಕ್ಷರ ಕೆಳಗೆ ಕೂತ ಮುಖ್ಯ ಕಾರ್ಯದರ್ಶಿ. ಜಿಲ್ಲಾಧಿಕಾರಿಗಿಂತ ಹಿರಿಯನಾದ ಐ.ಎ.ಎಸ್. ಅಧಿಕಾರಿಯನ್ನೇ ಆ ಹುದ್ದೆಗೆ ಹಾಕಬೇಕೆಂದು ಸರ್ಕಾರ ನಿರ್ಧರಿಸಿತು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಕೃಷಿ, ಪಶುವೈದ್ಯ, ಕುಡಿಯುವ ನೀರು ಮುಂತಾದ ಇಲಾಖೆಗಳ ಜಿಲ್ಲಾ ಮಟ್ಟದ ಸಿಬ್ಬಂದಿ ಪರಿಷತ್ತಿನ ಅಧೀನಕ್ಕೆ ಬಂದರು. ರಾಜ್ಯದ ಬಜೆಟ್ಟಿನಲ್ಲಿ ಆಯಾ ಜಿಲ್ಲೆಯ ಪಾಲು ಎಷ್ಟೆಂದು ತೋರಿಸುವ ‘ಲಿಂಕ್ ಡಾಕ್ಯುಮೆಂಟ್’ ಎಂಬ ಪ್ರತ್ಯೇಕ ಪುಸ್ತಕ ಆಗಿನಿಂದ ಬರತೊಡಗಿತು. ಹೊರಗಿನವರಿಗೆ ಇವು ಕಾಗದದ ಮೇಲಿನ ಏರ್ಪಾಡುಗಳಂತೆ ಕಂಡಾವು. ಆದರೆ ಶತಮಾನದಿಂದ ಜಿಲ್ಲೆ ಎಂದರೆ ಜಿಲ್ಲಾಧಿಕಾರಿ ಎಂದೇ ಆಗಿದ್ದ ನಾಡಿನಲ್ಲಿ, ಅವರಿಗಿಂತ ಹಿರಿಯ ಅಧಿಕಾರಿಯೊಬ್ಬರು ಚುನಾಯಿತ ಅಧ್ಯಕ್ಷರ ಮುಂದೆ ಕಡತ ಹಿಡಿದು ನಿಲ್ಲುವಂತಾದದ್ದು ಸಣ್ಣ ಮಾತಲ್ಲ.

ಫಲ ಏನಾಯಿತು? ಸರ್ಕಾರವೇ ಕೆ.ಎಸ್. ಕೃಷ್ಣಸ್ವಾಮಿಯವರ ಅಧ್ಯಕ್ಷತೆಯಲ್ಲಿ ಮೌಲ್ಯಮಾಪನ ಸಮಿತಿ ನೇಮಿಸಿ 1989ರಲ್ಲಿ ವರದಿ ಪಡೆಯಿತು. ನಂತರ ಜೇಮ್ಸ್ ಮ್ಯಾನರ್ ಮತ್ತು ರಿಚರ್ಡ್ ಕ್ರೂಕ್ ಎಂಬ ವಿದ್ವಾಂಸರು ಕರ್ನಾಟಕವನ್ನು ಬಾಂಗ್ಲಾದೇಶ, ಘಾನಾ, ಐವರಿ ಕೋಸ್ಟ್‌ಗಳ ಜೊತೆ ಇಟ್ಟು ಹೋಲಿಸಿ 1998ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ನಾಲ್ಕರಲ್ಲಿ ಕರ್ನಾಟಕವೇ ಮುಂದಿತ್ತು. ಅವರು ಕಂಡದ್ದರಲ್ಲಿ ಮುಖ್ಯವಾದದ್ದು ಹೊಸ ಕಟ್ಟಡಗಳಲ್ಲ. ಶಾಲೆಗೆ ಬಾರದ ಮೇಷ್ಟ್ರು, ಆರೋಗ್ಯ ಕೇಂದ್ರಕ್ಕೆ ಬಾರದ ಸಿಬ್ಬಂದಿ ಬರತೊಡಗಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. ಮೇಷ್ಟ್ರು ವಾರಕ್ಕೆರಡು ದಿನ ಬರುತ್ತಾರೆಂಬುದು ಊರಿಗೆ ಮೊದಲೂ ಗೊತ್ತಿತ್ತು. ಗೊತ್ತಿದ್ದವನಿಗೆ ಅಧಿಕಾರವಿರಲಿಲ್ಲ, ಅಧಿಕಾರವಿದ್ದವನಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕೆಂಬ ಇಚ್ಛೆಯೂ ಇರಲಿಲ್ಲ. ಮಂಡಲ ಪ್ರಧಾನ ಅದೇ ಸೀಮೆಯ ಮನುಷ್ಯ, ಅವನ ದೂರು ತಲುಪುವ ಪರಿಷತ್ತಿನ ಕೈಯಲ್ಲಿ ಸಿಬ್ಬಂದಿಯ ಹತೋಟಿಯಿತ್ತು. ವಾಂತಿಭೇದಿ ಕಾಣಿಸಿಕೊಂಡರೆ, ಮೇವು ನೀರಿಗೆ ತತ್ವಾರವಾದರೆ ಸುದ್ದಿ ಮೊದಲಿಗಿಂತ ಬೇಗ ಜಿಲ್ಲಾ ಕೇಂದ್ರಕ್ಕೆ ಮುಟ್ಟುತ್ತಿದ್ದದ್ದೂ ಇದೇ ಕಾರಣಕ್ಕೆ. ಕೆಳಗಿನ ನೌಕರ ಕೆಟ್ಟ ಸುದ್ದಿಯನ್ನು ಮುಚ್ಚಿಡುತ್ತಾನೆ, ಮತ ಕೇಳಬೇಕಾದವನು ಅದನ್ನು ಕೂಗಿ ಹೇಳುತ್ತಾನೆ.

ಇದಕ್ಕೆ ಎದುರಾಗಿ ಬರುವ ಆಕ್ಷೇಪಗಳಲ್ಲಿ ಅತ್ಯಂತ ಭಾರವಾದದ್ದು ಅಂಬೇಡ್ಕರರದು. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುತ್ತ, ಹಳ್ಳಿಯನ್ನು ರಾಜ್ಯಾಡಳಿತದ ಘಟಕವಾಗಿ ಒಪ್ಪದೆ ವ್ಯಕ್ತಿಯನ್ನು ಒಪ್ಪಿದ್ದಕ್ಕೆ ಅವರು ಸಂತೋಷಪಟ್ಟರು. ಹಳ್ಳಿ ಎಂದರೆ ಅವರ ಪಾಲಿಗೆ ಅಜ್ಞಾನ, ಸಂಕುಚಿತತೆ, ಕೋಮುಭಾವದ ಗುಹೆ. ಈ ಮಾತನ್ನು ಪಕ್ಕಕ್ಕೆ ಸರಿಸುವ ಗಾಂಧಿವಾದಿ ಉತ್ಸಾಹ ನನಗಿಲ್ಲ, ಯಾಕೆಂದರೆ 1987ರ ಅನುಭವವೇ ಅವರಿಗೆ ಅರ್ಧ ಸಾಕ್ಷಿ ನುಡಿಯುತ್ತದೆ. ಮಂಡಲಗಳಲ್ಲಿ ಭೂಮಿ ಉಳ್ಳ ಪ್ರಬಲ ಜಾತಿಗಳದೇ ಮೇಲುಗೈಯಾಗಿತ್ತು. ಇಡೀ ಊರಿಗೆ ಸಲ್ಲುವ ರಸ್ತೆ, ಶಾಲೆ, ನೀರಿನ ಕೆಲಸ ಚೆನ್ನಾಗಿ ಆಯಿತು, ಕಡುಬಡವರಿಗೆಂದೇ ಇದ್ದ ಯೋಜನೆಗಳ ಮೇಲೆ ಅಷ್ಟೇ ಉತ್ಸಾಹ ಕಾಣಲಿಲ್ಲ. ಆದರೆ ಉಳಿದರ್ಧ ಮರೆಯಬಾರದು. ಅದೇ ಪ್ರಬಲ ಜಾತಿಗಳು ವಿಧಾನಸಭೆಯಲ್ಲೂ ಕೂತಿದ್ದವು, ತಾಲ್ಲೂಕು ಕಚೇರಿಯಲ್ಲೂ ಅವರ ಮಾತೇ ನಡೆಯುತ್ತಿತ್ತು. ಅಧಿಕಾರ ಬೆಂಗಳೂರಿನಲ್ಲೇ ಉಳಿದಿದ್ದರೆ ದಲಿತ ಕೇರಿಗೆ ನ್ಯಾಯ ಸಿಗುತ್ತಿತ್ತು ಎನ್ನಲು ಆಧಾರವೇನೂ ಇಲ್ಲ. ಮಂಡಲದಲ್ಲಿ ಪರಿಶಿಷ್ಟರಿಗೆ ಸದಸ್ಯ ಸ್ಥಾನ ಖಚಿತವಿತ್ತು, ಅಧ್ಯಕ್ಷಗಿರಿಗೂ ಮೀಸಲಾತಿ 1993ರ ನಂತರ ಬಂತು. ಅಂಬೇಡ್ಕರರ ಭಯಕ್ಕೆ ಮದ್ದು ಇರುವುದು ಆ ದಾರಿಯಲ್ಲಿ, ಪಂಚಾಯಿತಿಯನ್ನು ಬಡಕಲು ಮಾಡುವುದರಲ್ಲಿ ಅಲ್ಲ.

ಭ್ರಷ್ಟಾಚಾರ ವಿಕೇಂದ್ರೀಕರಣವಾಯಿತಷ್ಟೇ ಎಂಬ ಕುಹಕ ಇನ್ನೊಂದು. ಇಂಜಿನಿಯರು, ಗುತ್ತಿಗೆದಾರ, ಒಬ್ಬ ಶಾಸಕ ಕೂತು ಹಂಚಿಕೊಳ್ಳುತ್ತಿದ್ದಾಗ ಊರಿಗೆ ಬಂದ ದುಡ್ಡೆಷ್ಟು ಎಂಬುದೇ ಊರಿಗೆ ತಿಳಿಯುತ್ತಿರಲಿಲ್ಲ. ಮಂಡಲ ಬಂದ ಮೇಲೆ ಕೈ ಚಾಚುವವರ ಸಂಖ್ಯೆ ಹೆಚ್ಚಿತು, ಕದ್ದ ಒಟ್ಟು ಮೊತ್ತ ಕಡಿಮೆಯಾಯಿತು ಎಂಬುದು ಮ್ಯಾನರ್ ಅವರ ಅಂದಾಜು. ಪ್ರತಿಪಕ್ಷದ ಸದಸ್ಯ ಸಭೆಯಲ್ಲೇ ಲೆಕ್ಕ ಕೇಳುವಾಗ ಕಳ್ಳತನ ಕಷ್ಟವಾಗುತ್ತದೆ, ಜೊತೆಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬಿದ್ದದ್ದನ್ನೇ ಜನ ಹೆಚ್ಚಳವೆಂದು ತಿಳಿದರು. ಸ್ವಂತ ತೆರಿಗೆ ಎತ್ತಲು ಪಂಚಾಯಿತಿಗಳು ಹಿಂಜರಿಯುತ್ತವೆ ಎಂಬ ಮೂರನೆಯ ದೂರು ನಿಜವೇ, ಆದರೆ ಅವಧಿಯೇ ಖಾತ್ರಿಯಿಲ್ಲದ ಸಂಸ್ಥೆ ತೆರಿಗೆ ಹಾಕಿ ಜನರ ಸಿಟ್ಟು ಕಟ್ಟಿಕೊಳ್ಳುತ್ತದೆಯೇ?

ಅವಧಿಯ ಮಾತಿನಲ್ಲೇ ಕಥೆಯ ಕಹಿ ಭಾಗವಿದೆ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಸರ್ಕಾರ ಬದಲಾಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಲ್ಲಿ ತಮ್ಮ ಪ್ರತಿಸ್ಪರ್ಧಿಯನ್ನು ಕಂಡಿದ್ದ ಶಾಸಕರು ಎಲ್ಲ ಪಕ್ಷಗಳಲ್ಲೂ ಇದ್ದರು. 1992ರ ಆರಂಭದಲ್ಲಿ ಐದು ವರ್ಷ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಸ್ಥಾನ ಕೊಡುವ 73ನೇ ತಿದ್ದುಪಡಿಯನ್ನು ಅಂಗೀಕರಿಸಿತು. ಆ ತಿದ್ದುಪಡಿಗೆ ಕಾರಣವಾದ ಉದಾಹರಣೆಗಳಲ್ಲಿ ಕರ್ನಾಟಕವೂ ಒಂದು. ದೆಹಲಿ ಚುನಾಯಿತ ಪಂಚಾಯಿತಿಯನ್ನು ಕಾನೂನು ಮಾಡುವ ಹೊತ್ತಿಗೆ ಕರ್ನಾಟಕದಲ್ಲೇ ಅದು ಇರಲಿಲ್ಲ. 1993ರ ಹೊಸ ಕಾಯ್ದೆಯಲ್ಲಿ ಮಂಡಲ ಹೋಗಿ ಚಿಕ್ಕ ಗ್ರಾಮ ಪಂಚಾಯಿತಿ ಬಂತು, ಜಿಲ್ಲೆ ಮತ್ತು ತಾಲ್ಲೂಕು ಅಧ್ಯಕ್ಷರ ಅವಧಿ 20 ತಿಂಗಳಿಗೆ ಇಳಿಯಿತು. ಅಷ್ಟರಲ್ಲಿ ಕಡತದ ಪರಿಚಯವೂ ಆಗುವುದಿಲ್ಲ. ಆ ಅವಧಿಯನ್ನು ಮತ್ತೆ ಐದು ವರ್ಷಕ್ಕೆ ಏರಿಸಲು 2015ರ ತಿದ್ದುಪಡಿಯೇ ಬರಬೇಕಾಯಿತು.

ಅಭಿವೃದ್ಧಿಗೆ ಹಳ್ಳಿಯವರು ಸಿದ್ಧರಿಲ್ಲ ಎಂಬ ಮಾತನ್ನು ಈ ಚರಿತ್ರೆ ಸಮರ್ಥಿಸುವುದಿಲ್ಲ. ಕೆಲಸ ಮಾಡಿದ ಸಂಸ್ಥೆಯನ್ನು ಸೋಲಿಸಿದ್ದು ಮತದಾರನಲ್ಲ, ಚುನಾವಣೆ ನಡೆಸದ ಸರ್ಕಾರ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒತ್ತಿ ಹೇಳಿದೆ. ಆದರೂ 2016ರ ಫೆಬ್ರವರಿಯಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಬರಲಿಲ್ಲ. ಕ್ಷೇತ್ರ ವಿಂಗಡಣೆ ಆಗಿಲ್ಲ, ಮೀಸಲಾತಿ ಪಟ್ಟಿ ಆಗಿಲ್ಲ ಎಂಬ ಸಮಜಾಯಿಷಿ ಪಕ್ಷ ಬದಲಾದರೂ ಬದಲಾಗಲಿಲ್ಲ. ಕ್ಷೇತ್ರ ವಿಂಗಡಣೆಯ ಕೆಲಸವನ್ನು 2021ರಲ್ಲಿ ರಾಜ್ಯ ಚುನಾವಣಾ ಆಯೋಗದಿಂದ ಕಿತ್ತುಕೊಂಡದ್ದು ಸರ್ಕಾರವೇ. ಅದನ್ನು ಮೀಸಲಾತಿ ಪಟ್ಟಿಯ ಜೊತೆಗೆ ಆಯೋಗಕ್ಕೆ ಒಪ್ಪಿಸಿ, ದಿನಾಂಕ ನಿಗದಿ ಮಾಡುವುದನ್ನು ಶಾಸಕರ ಮರ್ಜಿಯಿಂದ ಬಿಡಿಸಬೇಕು. ಉಳಿದ ಸುಧಾರಣೆಗಳ ಚರ್ಚೆ ಆಮೇಲಿನದು.