ವಿಷಕ್ಕೆ ಗಡಿ ಇರಲಿಲ್ಲ, ಪರಿಹಾರಕ್ಕೆ ಇತ್ತು

ಇವತ್ತಿನ ಕಥೆಯನ್ನ ಒಂದು ತಾರೀಖಿನಿಂದ ಶುರು ಮಾಡೋಣ: 1956ರ ನವೆಂಬರ್ 1.

ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಕೇಳ್ತಿರೋರಿಗೆ ಈ ದಿನ ಬರೀ ರಾಜ್ಯೋತ್ಸವ ಅಲ್ಲ. ಅಲ್ಲಿವರೆಗೂ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು ಆಗ ಕೊಳ್ಳೇಗಾಲದ ಭಾಗ, ಹಾಗಾಗಿ ಅದೂ ಅಲ್ಲೇ. ಪಕ್ಕದ ಯಳಂದೂರು ಮಾತ್ರ ಮೈಸೂರಲ್ಲಿತ್ತು. ಆ ದಿನ ಕೊಳ್ಳೇಗಾಲ ಈ ಕಡೆ ಬಂತು. ಅದೇ ದಿನ, ಅದೇ ಮದ್ರಾಸ್ ರಾಜ್ಯದ ಇನ್ನೊಂದು ತಾಲ್ಲೂಕು, ಕಾಸರಗೋಡು, ಕೇರಳಕ್ಕೆ ಹೋಯ್ತು. ಎರಡೂ ಕಡೆ ಕನ್ನಡದವರಿದ್ರು.

ಮ್ಯಾಪಿನ ಮೇಲೆ ಎಳೆದ ಆ ಗೆರೆ ಮುಂದೆ ಯಾರಿಗೆ ಎಷ್ಟು ಪರಿಹಾರ, ಯಾವಾಗ ಅನ್ನೋದನ್ನೂ ನಿರ್ಧರಿಸ್ತು. ಇದು ಎಂಡೋಸಲ್ಫಾನ್ ಕಥೆ. ನಾನು ಓದಿದ್ದು ಕಾಮರ್ಸ್, ಹಾಗಾಗಿ ಇದನ್ನ ಲೆಕ್ಕದ ಪುಸ್ತಕದ ಹಾಗೆ ನೋಡ್ತೀನಿ. ಮೊದಲು ಖರ್ಚಿನ ಪುಟ, ಆಮೇಲೆ ಜಮೆಯ ಪುಟ.

ಕಾಸರಗೋಡಿನ ಗುಡ್ಡಗಳಲ್ಲಿ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್‌ಗೆ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಗೇರು ತೋಟ ಇತ್ತು. ಗೇರಿನ ಚಿಗುರಿನ ರಸ ಹೀರೋ ಟೀ ಸೊಳ್ಳೆ ಅನ್ನೋ ಕೀಟವನ್ನ ಕೊಲ್ಲೋಕೆ, 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ರು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಬಾವಿ, ತೋಡು. ಮೇಲೆ ಬಿದ್ದದ್ದು ಮಳೆ ನೀರಿನ ಜೊತೆ ಕೆಳಗೆ ಇಳಿಯಿತು.

ಗಡಿಯ ಈಚೆ ಬೇರೆಯೇನೂ ನಡೀಲಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಇದೇ ಔಷಧಿ ಸಿಂಪಡಿಸ್ತು. ಇದನ್ನ ತಯಾರಿಸಿದ ಕಂಪನಿಗಳಲ್ಲಿ ಒಂದು ಕೇಂದ್ರ ಸರ್ಕಾರದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್. ಅಂದ್ರೆ ತಯಾರಿಸಿದವರಲ್ಲೂ ಸರ್ಕಾರ, ಸಿಂಪಡಿಸಿದ್ದೂ ಸರ್ಕಾರ, ಕೊನೆಗೆ ಪರಿಹಾರ ಕೊಡಬೇಕಾದದ್ದೂ ಸರ್ಕಾರ.

ಏನೋ ಎಡವಟ್ಟಾಗಿದೆ ಅಂತ ಮೊದಲು ಗಮನಿಸಿದ್ದು ಊರಿನವರೇ. ಕೃಷಿ ಪತ್ರಕರ್ತ ಶ್ರೀ ಪಡ್ರೆ ಬಹಳ ಮುಂಚೆಯೇ ಬರೆದ್ರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಪ್ರಾಕ್ಟೀಸ್ ಮಾಡ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಒಂದೇ ಊರಲ್ಲಿ ಇಷ್ಟು ನರರೋಗ, ಬುದ್ಧಿಮಾಂದ್ಯ, ಕ್ಯಾನ್ಸರ್ ಯಾಕೆ ಅಂತ ಕೇಳಿದ್ರು. 1998ರಲ್ಲಿ ಕೃಷಿ ಇಲಾಖೆಯ ಉದ್ಯೋಗಿಯೇ ಆಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದ್ರು. ಹೆಲಿಕಾಪ್ಟರ್ ನಿಂತದ್ದು ಆ ಕೇಸಿನಿಂದ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಷೇಧ ಹಾಕಿತು.

ಎಲ್ಲ ಕಾಯಿಲೆಗೂ ಇದೊಂದೇ ಕಾರಣವಾ ಅಂತ ವಿಜ್ಞಾನಿಗಳ ನಡುವೆ ವಾದ ಇದ್ದೇ ಇದೆ. ಆದ್ರೆ ನೆರವು ಬೇಕಾದವರು ಕಣ್ಣೆದುರಿಗೇ ಇದ್ದಾರೆ. ಆ ವಾದ ಮುಗಿಯೋವರೆಗೆ ಹಾಸಿಗೆಯಲ್ಲಿರೋ ಮಗು ಕಾಯೋಕಾಗುತ್ತಾ?

ಈಗ ಜಮೆಯ ಪುಟ. ಕೇರಳದ ದಾರಿ ಮುಖ್ಯವಾಗಿ ದೊಡ್ಡ ಇಡುಗಂಟು. 2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ಮೃತರ ಕುಟುಂಬಕ್ಕೆ ಮತ್ತು ಪೂರ್ತಿ ಹಾಸಿಗೆ ಹಿಡಿದವರಿಗೆ ಕನಿಷ್ಠ 5 ಲಕ್ಷ ರೂಪಾಯಿ ಕೊಡಿ ಅಂತ ಶಿಫಾರಸು ಮಾಡ್ತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ 5 ಲಕ್ಷ ಕೊಡಿ, ಮೂರು ತಿಂಗಳಲ್ಲಿ ಕೊಡಿ ಅಂತು. ಮೂರು ತಿಂಗಳು ಹೋಗಿ ಐದು ವರ್ಷ ಆಯ್ತು. 2022ರ ಮೇನಲ್ಲಿ ಕೋರ್ಟಿನ ಮುಂದೆ ಬಂದ ಲೆಕ್ಕ ಇದು: 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಜನರಿಗೆ. ಯಾರು ಆ 8 ಜನ? ನಿಂದನೆ ಅರ್ಜಿ ಹಾಕಿ ಕೋರ್ಟಿಗೆ ಬಂದವರು. ಕೋರ್ಟು ಬೈದ ಮೇಲೇ ಉಳಿದವರಿಗೆ ದುಡ್ಡು ಹರಿಯೋಕೆ ಶುರುವಾಗಿದ್ದು.

ಕರ್ನಾಟಕದ್ದು ಸಣ್ಣ ಮಾಸಾಶನದ ದಾರಿ. ಹೈಕೋರ್ಟಿನ ಒತ್ತಡದ ಮೇಲೆ ನಿಗದಿಯಾದ ದರದಲ್ಲಿ, 60 ಪರ್ಸೆಂಟ್‌ಗಿಂತ ಹೆಚ್ಚು ಅಂಗವೈಕಲ್ಯ ಇದ್ರೆ ತಿಂಗಳಿಗೆ 3,000, 25ರಿಂದ 60ರೊಳಗೆ ಇದ್ರೆ 1,500 ಸಿಗ್ತಿತ್ತು. ಕೊಕ್ಕಡ ಮತ್ತು ಕೊಯಿಲದಲ್ಲಿ ಡೇ ಕೇರ್ ಕೇಂದ್ರಗಳು ಬಂದವು.

ಯಾವುದು ಉತ್ತಮ? ಕೇರಳದ ಮೊತ್ತ ದೊಡ್ಡದು, ಆದ್ರೆ ತಡ. ಕರ್ನಾಟಕದ್ದು ಚಿಕ್ಕದು, ಆದ್ರೆ ತಿಂಗಳ ಲೆಕ್ಕದ್ದು. ಔಷಧಿ ಅಂಗಡಿಯ ಬಿಲ್ಲೂ ತಿಂಗಳಿಗೊಮ್ಮೆಯೇ ಬರೋದು. ಎರಡರಲ್ಲೂ ಒಂದೇ ದೋಷ: ಜನರ ಕಷ್ಟಕ್ಕಿಂತ ಪಟ್ಟಿ ದೊಡ್ಡದಾಯ್ತು. ಆಚೆ 11 ಪಂಚಾಯತುಗಳ ಲೆಕ್ಕ, ಈಚೆ ಪರ್ಸೆಂಟ್ ಲೆಕ್ಕ. 24 ಪರ್ಸೆಂಟ್ ಅಂತ ಸರ್ಟಿಫಿಕೇಟ್ ಬಂದ್ರೆ ಆ ಮನೆಗೆ ಸೊನ್ನೆ.

ಗಡಿ ನಿಜವಾಗಿ ಚುಚ್ಚಿದ್ದು 2020ರ ಮಾರ್ಚಿನಲ್ಲಿ. ಕಾಸರಗೋಡಿನ ಜನಕ್ಕೆ ದೊಡ್ಡಾಸ್ಪತ್ರೆ ಅಂದ್ರೆ ಮಂಗಳೂರು. ಕೋವಿಡ್ ಅಂತ ಕರ್ನಾಟಕ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಆಸ್ಪತ್ರೆ ತಲುಪದೆ ರೋಗಿಗಳು ಸತ್ತ ಸುದ್ದಿಗಳು ಬಂದವು, ವಿಷಯ ಕೇರಳ ಹೈಕೋರ್ಟಿಗೆ ಹೋಯ್ತು. ಎಣ್ಮಕಜೆ ಸಮೀಪದ ಉಕ್ಕಿನಡ್ಕದಲ್ಲಿ 2013ರಲ್ಲೇ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ರು. ಅಲ್ಲಿ ರೋಗಿಗಳಿಗೆ ಬಾಗಿಲು ತೆರೆದದ್ದು 2020ರ ಏಪ್ರಿಲ್‌ನಲ್ಲಿ, ಅದೂ ಕೋವಿಡ್ ಆಸ್ಪತ್ರೆಯಾಗಿ.

ನಮಗ್ಯಾಕೆ ಇದು ಅಂತೀರಾ? ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಹೊತ್ತ ವೃಷಭಾವತಿ ಅರ್ಕಾವತಿಗೆ ಸೇರಿ, ಅದು ಸಂಗಮದಲ್ಲಿ ಕಾವೇರಿಗೆ ಬೀಳುತ್ತೆ. ಹೊಳೆಯ ಆಚೆ ದಡ ನಮ್ಮ ಹನೂರು ತಾಲ್ಲೂಕು, ಮುಂದಕ್ಕೆ ತಮಿಳುನಾಡು. ಕಾವೇರಿಯನ್ನ ಕೊಳೆ ಮಾಡ್ತಿದ್ದೀರಿ ಅಂತ 2015ರಲ್ಲೇ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಗಿದೆ. ನಾಳೆ ಇಲ್ಲೂ ಒಂದು ಪರಿಹಾರ ಯೋಜನೆ ಬರಬಹುದು. ಆಗ ಎಷ್ಟು ಕೋಟಿ ಬಿಡುಗಡೆ ಆಯ್ತು ಅಂತ ಕೇಳೋದಷ್ಟೇ ಸಾಲದು. ಆದೇಶದಿಂದ ಮನೆ ಬಾಗಿಲಿಗೆ ಬರೋಕೆ ಎಷ್ಟು ದಿನ ಹಿಡೀತು? ಪಟ್ಟಿಯಿಂದ ಹೊರಗೆ ಉಳಿದವರು ಯಾರು? ಕೋರ್ಟಿಗೆ ಹೋಗದವರಿಗೂ ಸಿಕ್ತಾ? ಈ ಮೂರು ಕೇಳಿ.

ನಾಲ್ಕನೇ ಪ್ರಶ್ನೆಯೊಂದಿದೆ, ಅದನ್ನ ಎರಡೂ ರಾಜ್ಯದ ತಾಯಂದಿರು ವರ್ಷಗಳಿಂದ ಕೇಳ್ತಿದ್ದಾರೆ. ಡೇ ಕೇರ್ ಸಂಜೆಗೆ ಮುಚ್ಚುತ್ತೆ. 1980ರ ದಶಕದಲ್ಲಿ ಹುಟ್ಟಿದ ಮಕ್ಕಳಿಗೆ ಈಗ ನಲವತ್ತು ಆಗ್ತಾ ಬಂತು, ತಾಯಿಗೆ ಎಪ್ಪತ್ತು. ನಾವು ಹೋದ ಮೇಲೆ ಇವರನ್ನ ಯಾರು ನೋಡ್ಕೋತಾರೆ? ಅದಕ್ಕೆ ಉತ್ತರ ಬರೆಯದೆ ಈ ಲೆಕ್ಕ ಟ್ಯಾಲಿ ಆಗಲ್ಲ.