ಡಾಂಬರಿನ ಅಂಚು

ಯಾದಗಿರಿಯಲ್ಲಿ ರೈಲಿನಿಂದಿಳಿದು, ಭೀಮೆಯನ್ನು ದಾಟಿ, ಮಲಗಿದ ಬುದ್ಧನ ಆಕೃತಿಯ ಬೆಟ್ಟವಿರುವ ಶಹಾಪುರಕ್ಕೂ, ಅಲ್ಲಿಂದ ಮುಂದೆ ಗುಡ್ಡಗಳ ಮಡಿಲಲ್ಲಿ ಅಡಗಿರುವ ಸುರಪುರಕ್ಕೂ ಸಾಗುವ ದಾರಿಯನ್ನು ಬಲ್ಲವರಿಗೆ, ಆ ದಾರಿಯ ಮೇಲೆ ಹಗಲಿರುಳೂ ಕೇಳಿಬರುವ ಒಂದು ಕೂಗು ಚಿರಪರಿಚಿತವಾದದ್ದು: “ಬಾಜೂ ಸರಿಯೋ ತಮ್ಮಾ!” ಲಾರಿಯ ಕಿಟಕಿಯಿಂದಲೋ, ಜನರನ್ನು ತುಂಬಿಕೊಂಡು ಹೊರಟ ಟಂಟಂನ ಬದಿಯಿಂದಲೋ ಹೊರಬೀಳುವ ಈ ಕೂಗು ಸೈಕಲ್ಲಿನ ಮೇಲೆ ಕುಳಿತವನನ್ನು ಕುರಿತದ್ದು. ಅದಕ್ಕೆ ದೊರೆಯುವ ಉತ್ತರವೂ ಅಷ್ಟೇ ಪರಿಚಿತ: “ರಸ್ತಾ ನಿಮ್ಮಪ್ಪಂದೇನು?” ಇದನ್ನು ಬೀದಿಜಗಳದ ಬೈಗುಳವೆಂದು ತಳ್ಳಿಬಿಡುವುದು ಸುಲಭ. ಆದರೆ ಈ ಸೀಮೆಯಲ್ಲಿ ದಾರಿಗಳು ಹುಟ್ಟಿ ಬೆಳೆದು ಬಂದ ಬಗೆಯನ್ನು ಆಲೋಚಿಸುತ್ತ ಹೋದಂತೆಲ್ಲ, ಈ ಪ್ರಶ್ನೆಯು ಉತ್ತರಕ್ಕೆ ಅರ್ಹವಾದ ಪ್ರಶ್ನೆಯೇ ಹೌದೆಂದು ನನಗೆ ದೃಢವಾಗಿದೆ.

ಡಾಂಬರು ಕನಸಿನಲ್ಲಿಯೂ ಇರದಿದ್ದ ಕಾಲದಲ್ಲಿ ಇಲ್ಲಿ ದಾರಿಗೆ ಎರಡು ಧರ್ಮಗಳಿದ್ದುವು. ಮೊದಲನೆಯದು ಅರಸರದು. ಸುರಪುರದ ನಾಯಕರ ಸವಾರಿ ಹೊರಟಿತೆಂದರೆ ಪರಾಕು ಹೇಳುವವರು ಮುಂದೆ ಓಡುತ್ತಿದ್ದರು. ಪ್ರಜೆಯಾದವನು ತಲೆಬಾಗಿ ಬದಿಗೆ ನಿಲ್ಲುತ್ತಿದ್ದನು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ವ್ಯವಹಾರವನ್ನು 1853ರವರೆಗೆ ನೋಡಿಕೊಂಡು, ಬೆಟ್ಟದ ಮೇಲೆ ಇಂದಿಗೂ ನಿಂತಿರುವ ಟೇಲರ್ ಮಂಜಿಲಿನಲ್ಲಿ ವಾಸವಾಗಿದ್ದ ಕರ್ನಲ್ ಮೆಡೋಸ್ ಟೇಲರನ ಕಾಲಕ್ಕೂ ಗಣ್ಯರ ಪ್ರಯಾಣವೆಂದರೆ ಪಲ್ಲಕ್ಕಿ, ಇಲ್ಲವೆ ಕುದುರೆ. ಎರಡನೆಯ ಧರ್ಮ ಹೊಲದವರದು, ಬಂಡಿಯವರದು. ಅದನ್ನು ಯಾರೂ ಬರೆದಿಡಲಿಲ್ಲವಾದರೂ ನೆಲವೇ ಅದನ್ನು ಕಲಿಸಿತ್ತು. ಎರೆಭೂಮಿಯಲ್ಲಿ ಬಂಡಿಗಾಲಿಗಳು ಕೊರೆದ ಚಾಕೋರಿಯು ಮೊಳದಾಳಕ್ಕೆ ಇಳಿದಿರುವಾಗ, ಜೋಳದ ಚೀಲಗಳನ್ನು ಹೇರಿಕೊಂಡ ಬಂಡಿಯನ್ನು ಅದರಿಂದ ಹೊರಕ್ಕೆಳೆಯುವುದು ಎತ್ತುಗಳಿಗೆ ಪ್ರಾಣಸಂಕಟವಾದ ಕೆಲಸ. ಖಾಲಿ ಬಂಡಿಗೆ ಅದು ಒಂದು ಹೂಂಕಾರದ ಮಾತು. ಆದುದರಿಂದ ಎದುರುಬದುರಾದಾಗ ಖಾಲಿ ಬಂಡಿಯವನು ಹೊಲಕ್ಕಿಳಿದು ಹೇರಿನ ಬಂಡಿಗೆ ದಾರಿ ಬಿಡುವುದೇ ನ್ಯಾಯವೆನಿಸಿತ್ತು. ಯಾರಿಗೆ ಸರಿಯುವುದು ಸುಲಭವೋ ಅವನು ಸರಿಯಬೇಕು. ಒಡೆಯನಾರು ಆಳಾರು ಎಂಬ ಪ್ರಶ್ನೆ ಅಲ್ಲಿ ಏಳುತ್ತಿರಲಿಲ್ಲ. ಉಪ್ಪನ್ನೂ ದವಸವನ್ನೂ ಎತ್ತುಗಳ ಬೆನ್ನಮೇಲೆ ಹೊರಿಸಿಕೊಂಡು ಹಿಂಡುಹಿಂಡಾಗಿ ಸಾಗುತ್ತಿದ್ದ ಲಂಬಾಣಿಗರ ಪಯಣಗಳೂ ಈ ನೆಲದ ದಾರಿಗಳ ಮೇಲೆಯೇ ನಡೆದುವು. ಇಂದು ನಾವು ಕಾಣುತ್ತಿರುವ ಕಲಹವೆಲ್ಲ, ಈ ಎರಡನೆಯ ಧರ್ಮವು ಮರೆತುಹೋಗಿ, ಮೊದಲನೆಯದು ಯಂತ್ರದ ರೂಪದಲ್ಲಿ ಮರಳಿ ಬಂದುದರ ಫಲವೆಂಬುದೇ ನನ್ನ ಅಭಿಪ್ರಾಯ. ಪರಾಕಿನ ಸ್ಥಾನದಲ್ಲಿ ಈಗ ಹಾರ್ನು ಇದೆ.

1871ರಲ್ಲಿ ಜಿ.ಐ.ಪಿ. ಕಂಪನಿಯ ಹಳಿಯು ಕಲಬುರಗಿ, ಯಾದಗಿರಿಗಳನ್ನು ಹಾಯ್ದು ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. ಅಂದಿನಿಂದ ಲಂಬಾಣಿಗರ ಹೇರೆತ್ತಿನ ವ್ಯಾಪಾರ ಕ್ಷೀಣಿಸಿತು. ಯಾದಗಿರಿಯ ನಿಲ್ದಾಣವೇ ಸುತ್ತಣ ಸೀಮೆಗೆ ಹೆಬ್ಬಾಗಿಲಾಯಿತು. ಶಹಾಪುರದವರೂ ಸುರಪುರದವರೂ ರೈಲನ್ನು ಕಾಣಬೇಕಾದರೆ ಭೀಮೆಯನ್ನು ದಾಟಿ ಬರಲೇಬೇಕು. ಶಹಾಪುರದಿಂದಲೇ ಸುಮಾರು 35 ಕಿಲೋಮೀಟರ್. ಸುರಪುರ ಇನ್ನೂ ದೂರ. ಹೀಗೆ ರೈಲು ಒಂದು ರಸ್ತೆಯನ್ನು ಬೇಡಿತು. ಆ ರಸ್ತೆಯ ಮೇಲೆ ಚಕ್ಕಡಿ, ಟಾಂಗಾ, ನಡೆದು ಹೋಗುವವರು ಎಲ್ಲರೂ ಒಂದೇ ಗತಿಯಲ್ಲಿ, ಎಂದರೆ ಎತ್ತಿನ ಇಲ್ಲವೆ ಮನುಷ್ಯನ ಕಾಲಿನ ಗತಿಯಲ್ಲಿ, ಸಾಗುತ್ತಿದ್ದರು. ಗತಿಭೇದವು ಅಲ್ಪವಾಗಿದ್ದಾಗ ಕಲಹವೂ ಅಲ್ಪವಾಗಿರುವುದು ಸಹಜವಷ್ಟೆ.

ಆಗ ಈ ಸೀಮೆಯೂ ಸೇರಿದ್ದ ನಿಜಾಮರ ರಾಜ್ಯದಲ್ಲಿ ಸರಕಾರಿ ಬಸ್ಸು ಹುಟ್ಟಿದ್ದು 1932ರಲ್ಲಿ. ನಿಜಾಮ್ ಸ್ಟೇಟ್ ರೈಲ್ವೆಯೇ 27 ಬಸ್ಸುಗಳೊಡನೆ ರಸ್ತೆ ಸಾರಿಗೆಯ ಇಲಾಖೆಯನ್ನು ಆರಂಭಿಸಿತು. ಆ ದಿನಗಳಲ್ಲಿ ಸೈಕಲ್ಲೆಂಬುದು ವಿಲಾಯತಿಯ ಸರಕು. ರ‍್ಯಾಲೆ, ಹಂಬರ್ ಎಂಬ ಹೆಸರುಗಳನ್ನು ಹೊತ್ತು ಬಂದ ಅದನ್ನು ಕೊಳ್ಳುವ ಶಕ್ತಿ ಅಧಿಕಾರಿಗಳಿಗೂ ಸಾಹುಕಾರರಿಗೂ ಮಾತ್ರ ಇದ್ದಿತು. ಅದು ಬಡವನ ಕೈಗೆ ಬಂದುದು ಸ್ವಾತಂತ್ರ್ಯದ ತರುವಾಯ, ಮದರಾಸಿನ ಟಿ.ಐ. ಕಾರ್ಖಾನೆ 1949ರಲ್ಲಿಯೂ, ಸೋನೀಪತ್ತಿನ ಅಟ್ಲಾಸ್ 1951ರಲ್ಲಿಯೂ, ಲೂಧಿಯಾನದ ಹೀರೋ 1956ರಲ್ಲಿಯೂ ಸ್ಥಾಪಿತವಾಗಿ ಸ್ವದೇಶದ ಗಾಲಿಗಳು ಉರುಳತೊಡಗಿದ ಮೇಲೆ. 1956ರ ನವೆಂಬರ್ 1ರಂದೇ ಕಲಬುರಗಿ ಜಿಲ್ಲೆಯು, ಅದರೊಡನೆ ನಮ್ಮ ಈ ಮೂರು ತಾಲ್ಲೂಕುಗಳೂ, ಕನ್ನಡದ ರಾಜ್ಯವನ್ನು ಸೇರಿದುದು. ಆದುದರಿಂದ ನಮ್ಮ ಹಿರಿಯರ ನೆನಪಿನಲ್ಲಿ ಕನ್ನಡದ ಆಡಳಿತವೂ ಸೈಕಲ್ಲೂ ಹೆಚ್ಚುಕಡಿಮೆ ಜೊತೆಜೊತೆಯಾಗಿ ಬಂದ ಸಂಗತಿಗಳು. ಹಳ್ಳಿಯ ಮಾಸ್ತರರು ಸೈಕಲ್ಲಿನ ಮೇಲೆ ಶಾಲೆಗೆ ಬಂದರು, ಅಂಚೆಯವನು ಬಂದನು, ಹಾಲಿನ ಕ್ಯಾನುಗಳೂ, ಬಟ್ಟೆಯ ಗಂಟುಗಳೂ, ಐಸ್ ಕ್ಯಾಂಡಿಯ ಪೆಟ್ಟಿಗೆಯೂ ಕ್ಯಾರಿಯರಿನ ಮೇಲೇರಿದುವು. ಕೈಗಡಿಯಾರ ಮತ್ತು ರೇಡಿಯೋದ ಜೊತೆಗೆ ಅಳಿಯನಿಗೆ ಕೊಡಬೇಕಾದ ವಸ್ತುಗಳ ಪಟ್ಟಿಯಲ್ಲಿಯೂ ಅದು ಸೇರಿಹೋಯಿತು. ಕೊಳ್ಳಲಾರದವರಿಗೆ ಬಾಡಿಗೆಯ ಅಂಗಡಿಗಳಿದ್ದುವು: ತಾಸಿಗಿಷ್ಟೆಂದು ಕೊಟ್ಟು, ದಂಡದ ಕೆಳಗಿಂದ ಕಾಲು ತೂರಿಸಿ ತುಳಿಯುತ್ತ, ಮೊಳಕಾಲು ತರಚಿಕೊಂಡು ಕಲಿತ ಬಾಲ್ಯ ನನ್ನ ಓರಗೆಯವರೆಲ್ಲರದು.

ರಸ್ತೆಯ ತೆರಿಗೆಯನ್ನು ಮೋಟಾರಿನವನು ಕೊಡುತ್ತಾನೆ, ಸೈಕಲ್ಲಿನವನು ಏನು ಕೊಟ್ಟಾನು ಎಂದು ಇಂದು ವಾದಿಸುವವರಿದ್ದಾರೆ. ಪುರಸಭೆಗಳು ವರ್ಷವರ್ಷವೂ ಸೈಕಲ್ಲಿಗೆ ತೆರಿಗೆ ವಸೂಲು ಮಾಡಿ, ಕೊಟ್ಟುದಕ್ಕೆ ಗುರುತಾಗಿ ಲೋಹದ ಬಿಲ್ಲೆಯನ್ನು ಕೊಡುತ್ತಿದ್ದ ಕಾಲವನ್ನು ಅವರು ಮರೆತಿದ್ದಾರೆ. ಬಿಲ್ಲೆಯಿಲ್ಲದ ಸೈಕಲ್ಲನ್ನು ಹಿಡಿಯುತ್ತಿದ್ದರು. ರಾತ್ರಿ ದೀಪವಿಲ್ಲದೆ ಹೋದರೆ ದಂಡ. ಹಿಂದೆ ಇನ್ನೊಬ್ಬನನ್ನು ಕೂರಿಸಿಕೊಂಡರೆ ಅದಕ್ಕೂ ದಂಡ. ಹೀಗೆ ಕೊಟ್ಟ ಹಣವು ಅಲ್ಪವಿರಬಹುದು. ಆದರೆ ರಸ್ತೆಯ ಮೇಲೆ ಸೈಕಲ್ಲಿಗೂ ಒಂದು ಸ್ಥಾನವುಂಟೆಂದು ಆ ಬಿಲ್ಲೆ ಸಾರುತ್ತಿದ್ದಿತು.

ಸೈಕಲ್ಲು ಬಂದಾಗ ಅದರೊಡನೆ ಇನ್ನೊಂದು ಜಗಳವೂ ಬಂದಿತೆಂಬುದನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗುವುದು ಅಪ್ರಾಮಾಣಿಕವಾದೀತು. ನಮ್ಮ ನಾಡಿನ ಅನೇಕ ಗ್ರಾಮಗಳಲ್ಲಿ, ಕೆಳಗಿನವರೆನಿಸಿಕೊಂಡ ಕೇರಿಯ ಹುಡುಗನು ಸೈಕಲ್ಲು ಹತ್ತಿದನೆಂಬುದೇ ಅಪರಾಧವಾಗಿ ಕಾಣುತ್ತಿದ್ದಿತು. ದೊಡ್ಡವರ ವಾಡೆಯ ಮುಂದೆ ಬಂದಾಗ ಅವನು ಇಳಿದು, ಸೈಕಲ್ಲನ್ನು ತಳ್ಳಿಕೊಂಡು ಹೋಗಬೇಕಾಗಿದ್ದಿತು. ಊರೊಳಗೆ ವಾಡೆಯ ಮುಂದೆ “ಇಳಿ” ಎಂಬ ಆಜ್ಞೆ. ಊರು ಬಿಟ್ಟು ಹೆದ್ದಾರಿಗೆ ಬಂದರೆ ಲಾರಿಯಿಂದ ಮತ್ತೆ ಅದೇ “ಇಳಿ” ಎಂಬ ಆಜ್ಞೆ. ಮನುಷ್ಯನು ತನ್ನ ಬೆವರಿನಿಂದ ಕೊಂಡು, ತನ್ನ ಕಾಲಿನ ಬಲದಿಂದ ಓಡಿಸಿದ ವಾಹನದ ಮೇಲೆ ನೆಟ್ಟಗೆ ಕುಳಿತು ಸಾಗುವುದು ಇಷ್ಟೊಂದು ಜನರಿಗೆ ಅಸಹ್ಯವಾಗಬೇಕೆ?

ಈಗ ಡಾಂಬರಿನ ವಿಷಯಕ್ಕೆ ಬರೋಣ. ಕಲಹದ ಮೂಲ ನಿಜವಾಗಿಯೂ ಇರುವುದು ಅಲ್ಲಿ. ನಮ್ಮ ಕಡೆಯ ರಸ್ತೆಗಳಿಗೆ ಡಾಂಬರು ಬಂದಾಗ ಅದು ರಸ್ತೆಯ ಇಡೀ ಮೈಗೆ ಬರಲಿಲ್ಲ. ನಡುವೆ ಹನ್ನೆರಡು ಅಡಿಯಷ್ಟು ಅಗಲದ ಒಂದು ಕರಿಯ ಪಟ್ಟಿಯಾಗಿ ಬಂದಿತು, ಎರಡೂ ಬದಿಗೆ ಮಣ್ಣು ಹಾಗೆಯೇ ಉಳಿಯಿತು. ಒಂದು ಬಸ್ಸು ಬಂದರೆ ಆ ಪಟ್ಟಿ ಮುಗಿಯಿತು. ಎರೆಮಣ್ಣಿನ ಸ್ವಭಾವವನ್ನು ಇಲ್ಲಿನ ರೈತನಿಗೆ ಯಾರೂ ಹೇಳಬೇಕಾಗಿಲ್ಲ: ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇಂತಹ ನೆಲದ ಮೇಲೆ ಹಾಸಿದ ಡಾಂಬರು ಮೊಟ್ಟಮೊದಲು ಒಡೆಯುವುದು ಅಂಚಿನಲ್ಲಿ. ಅಂಚು ಹಲ್ಲುಹಲ್ಲಾಗಿ ಮುರಿದು, ಪಕ್ಕದ ಮಣ್ಣು ತೊಳೆದುಹೋಗಿ, ನಡುವೆ ಗೇಣುದ್ದದ ಮೆಟ್ಟಿಲು ಬೀಳುತ್ತದೆ. ಅದರಾಚೆಗೆ ಬಳ್ಳಾರಿ ಜಾಲಿಯ ಮುಳ್ಳು. ಸೈಕಲ್ಲಿನ ಸಣ್ಣ ಗಾಲಿ ಆ ಮೆಟ್ಟಿಲನ್ನು ಇಳಿಯಬಲ್ಲುದು, ಅಡ್ಡಲಾಗಿ ಹತ್ತಲಾರದು. ಹತ್ತಹೋದರೆ ಗಾಲಿ ಅಂಚಿಗೆ ಉಜ್ಜಿಕೊಂಡು ಸವಾರನು ಡಾಂಬರಿನ ಮೇಲೆಯೇ, ಹಿಂದಿನಿಂದ ಬರುವ ವಾಹನದ ಮುಂದೆಯೇ ಬೀಳುತ್ತಾನೆ. ಮಳೆಗಾಲದಲ್ಲಿ ಕೆಳಗಿಳಿದರೆ ಜಿಗಟು ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯೇ ತಿರುಗುವುದಿಲ್ಲ. ಕಡ್ಡಿಯಿಂದ ಕೆರೆದು ತೆಗೆದು, ಹೆಗಲಮೇಲೆ ಹೊತ್ತು ನಡೆದವರು ಎಷ್ಟೋ ಜನ. ಬೇಸಗೆಯಲ್ಲಿ ಇಳಿದರೆ ಜಾಲಿಯ ಮುಳ್ಳು ಟ್ಯೂಬನ್ನು ಕೊರೆಯುತ್ತದೆ, ಪಂಕ್ಚರ್ ಹಾಕುವ ಅಂಗಡಿ ಹರದಾರಿಯಾಚೆ ಇರುತ್ತದೆ. ಈ ಕಾರಣಗಳಿಂದ ಸೈಕಲ್ಲಿನವನು ಅಂಚಿನಿಂದ ಎರಡು ಮೊಳ ಒಳಕ್ಕೆ ತುಳಿಯುತ್ತಾನೆ. ಕ್ಯಾಬಿನ್ನಿನ ಎತ್ತರದಿಂದ ನೋಡುವ ಚಾಲಕನಿಗೆ ಅಂಚಿನ ಮೆಟ್ಟಿಲೂ ಕಾಣದು, ಮುಳ್ಳೂ ಕಾಣದು. ಹಟಮಾರಿಯೊಬ್ಬನು ನಡುರಸ್ತೆಯಲ್ಲಿ ಸಾಗುತ್ತಿದ್ದಾನೆಂಬುದಷ್ಟೇ ಕಾಣುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಶಹಾಪುರದ ಕಡೆಯಿಂದ ಸಂಜೆ ಮರಳುವಾಗ ಒಂದು ಲಾರಿ ಬೆನ್ನಿಗೆ ತಾಗುವಷ್ಟು ಸಮೀಪ ಬಂದು ಹಾರ್ನು ಹೊಡೆದಾಗ, ಬೆದರಿ ಅಂಚಿನಿಂದ ಜಾರಿ ಜಾಲಿಯ ಪೊದೆಯೊಳಕ್ಕೆ ಬಿದ್ದೆನು, ಲಾರಿ ನಿಲ್ಲಲಿಲ್ಲ. ನನ್ನನ್ನು ಎತ್ತಿದವನು ಹಿಂದಿನಿಂದ ಬಂದ ಇನ್ನೊಬ್ಬ ಲಾರಿಯ ಚಾಲಕನೇ. ಮುಳ್ಳು ಕೀಳುತ್ತ ಅವನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: “ನಾವೂ ಕೆಳಗ ಇಳಸಂಗಿಲ್ರೀ ಸರ, ತುಂಬಿದ ಗಾಡಿ, ಹಸಿ ಎರಿಯಾಗ ಒಂದ ಗಾಲಿ ಇಳೀತಂದ್ರ ಮಗ್ಗಲಾಗ್ತದ.” ಅವನ ಮಾತು ಸತ್ಯ. ಹತ್ತಾರು ಟನ್ನು ಹೊತ್ತವನಿಗೆ ಮಳೆಗಾಲದ ಎರೆಭೂಮಿ ಮೃತ್ಯುವೇ ಸರಿ. ಹಳೆಯ ಬಂಡಿಯ ಧರ್ಮದಂತೆ ನೋಡಿದರೆ ಅವನ ಹೇರಿಗೂ ಒಂದು ಹಕ್ಕಿದೆ. ಆದರೆ ಆ ಧರ್ಮವು ಹೇರಿನವನಿಗೆ ದಾರಿಯನ್ನು ಕೊಟ್ಟಿತೇ ಹೊರತು, ಎದುರಿನವನನ್ನು ಕೆಡವುವ ಅಧಿಕಾರವನ್ನು ಕೊಟ್ಟಿರಲಿಲ್ಲ. ಹಿಂದೆ ಉಳಿದು, ಬ್ರೇಕಿನ ಮೇಲೆ ಕಾಲಿಟ್ಟು, ಅರ್ಧ ನಿಮಿಷ ಕಾಯುವುದು ಯಾವ ಲಾರಿಗೂ ಅಸಾಧ್ಯವಲ್ಲ.

ಮೋಟಾರು ಹುಟ್ಟಿದ ದೇಶಗಳಲ್ಲಿಯೂ ರಸ್ತೆಯು ಆದಿಯಿಂದ ಅದರದಾಗಿರಲಿಲ್ಲ. ಇಂಗ್ಲೆಂಡಿನಲ್ಲಿ 1865ರ ಶಾಸನವು ಯಂತ್ರದಿಂದ ಓಡುವ ಗಾಡಿಗೆ ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿಯ ಮಿತಿಯನ್ನು ವಿಧಿಸಿ, ಅದರ ಮುಂದೆ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕೆಂದು ಆಜ್ಞಾಪಿಸಿತ್ತು. ಅದೇ ದೇಶದಲ್ಲಿ 1879ರಲ್ಲಿ, ವೇಗವಾಗಿ ಸೈಕಲ್ಲು ಬಿಟ್ಟನೆಂದು ದಂಡಿತನಾದ ಟೇಲರ್ ಎಂಬೊಬ್ಬನ ಮೊಕದ್ದಮೆಯಲ್ಲಿ (ನಮ್ಮ ಸುರಪುರದ ಟೇಲರನಿಗೂ ಇವನಿಗೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ), ಸೈಕಲ್ಲೂ ಒಂದು ಗಾಡಿಯೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಅವನಿಗೆ ದಂಡವೇನೋ ತಪ್ಪಲಿಲ್ಲ. ಆದರೆ ಆ ತೀರ್ಪು ಸೈಕಲ್ಲನ್ನು ಗಾಡಿಗಳ ಸಾಲಿನಲ್ಲಿ ಕೂರಿಸಿತು. 1886ರಲ್ಲಿ ಅಲ್ಲಿಯ ಸೈಕಲ್ ಸವಾರರೇ ಸಂಘ ಕಟ್ಟಿಕೊಂಡು ಒಳ್ಳೆಯ ರಸ್ತೆಗಳಿಗಾಗಿ ಹೋರಾಡಿದರು. ಅಮೆರಿಕದಲ್ಲಿಯೂ ಅದೇ ಕಾಲದಲ್ಲಿ ಅಂತಹುದೇ ಚಳವಳಿ ನಡೆಯಿತು. ಹಾಗೆ ನೋಡಿದರೆ ಮೋಟಾರಿನವನು ಇಂದು ತನ್ನದೆಂದು ಭಾವಿಸಿರುವ ನುಣುಪಾದ ರಸ್ತೆಯನ್ನು ಅವನಿಗಿಂತ ಮೊದಲು ಬೇಡಿದವನು ಸೈಕಲ್ಲಿನವನು.

ನಮ್ಮ ಸೀಮೆಯಲ್ಲಿ ಕಲಹವು ಪ್ರಾಣಾಂತಿಕವಾದುದು ನೀರು ಬಂದ ಮೇಲೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯು 1980ರ ದಶಕದಲ್ಲಿ ನಾರಾಯಣಪುರದಿಂದ ಕಾಲುವೆಯ ನೀರನ್ನು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿಸಿತು. ಜೋಳ ಬೆಳೆಯುತ್ತಿದ್ದಲ್ಲಿ ಭತ್ತ ಬಂದಿತು. ಚಕ್ಕಡಿ ಹೋಗುತ್ತಿದ್ದಲ್ಲಿ ಟ್ರ್ಯಾಕ್ಟರು ಬಂದಿತು. ಹಿಂಬದಿಗೆ ದೀಪವಿಲ್ಲದ ಟ್ರೇಲರುಗಳು ಹತ್ತಿಯನ್ನು ಎರಡೂ ಬದಿಗೆ ಹೊರಚಾಚಿ ಹೇರಿಕೊಂಡು ರಾತ್ರಿ ಸಾಗತೊಡಗಿದುವು. ಬೀದರದಿಂದ ಶ್ರೀರಂಗಪಟ್ಟಣದವರೆಗೆ ಹೋಗುವ ರಾಜ್ಯ ಹೆದ್ದಾರಿಯು ಜೇವರ್ಗಿಯಿಂದೀಚೆಗೆ ಶಹಾಪುರ, ಸುರಪುರಗಳ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 150ಎ ಆಗಿ ಪರಿವರ್ತಿತವಾಯಿತು. ಸಿರಿ ಬಂದಿತೆಂಬುದರಲ್ಲಿ ಸಂದೇಹವಿಲ್ಲ, ಅದನ್ನು ನಾನು ಹಳಿಯುವವನೂ ಅಲ್ಲ. ಆದರೆ ಆ ಸಿರಿಯ ವೇಗಕ್ಕೆ ದಾರಿ ಬಿಡುತ್ತ ಬಿಡುತ್ತ ಸೈಕಲ್ಲಿನವನಿಗೆ ದಾರಿಯೇ ಉಳಿಯಲಿಲ್ಲ.

ಸಂಪತ್ತು ಕೂಡಿದವರು ಮೋಟಾರ್ ಸೈಕಲ್ಲಿಗೆ ಏರಿದರು. ಸೈಕಲ್ಲಿನ ಮೇಲೆ ಉಳಿದವರು ಅತ್ಯಂತ ಬಡವರು ಮತ್ತು ಮಕ್ಕಳು. 2006-07ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆ ಉಚಿತವಾಗಿ ಸೈಕಲ್ಲುಗಳನ್ನು ಕೊಡಲು ಆರಂಭಿಸಿ, ಬಳಿಕ ಗಂಡುಮಕ್ಕಳಿಗೂ ಕೊಟ್ಟಿತು. 2009ರ ಡಿಸೆಂಬರಿನಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯು 2011ರ ಜನಗಣತಿಯಲ್ಲಿ ಶೇಕಡಾ 52ರಷ್ಟು ಸಾಕ್ಷರತೆಯೊಡನೆ ರಾಜ್ಯದ ಕಟ್ಟಕಡೆಯ ಸ್ಥಾನದಲ್ಲಿದ್ದಿತೆಂಬುದನ್ನು ನೆನೆದರೆ, ಹೈಸ್ಕೂಲಿಲ್ಲದ ಹಳ್ಳಿಯಿಂದ ಹೈಸ್ಕೂಲಿರುವ ಹಳ್ಳಿಗೆ ಎರಡು ಜಡೆ ಹಾಕಿಕೊಂಡು ಸಾಲಾಗಿ ಸೈಕಲ್ಲು ತುಳಿದು ಹೋಗುತ್ತಿದ್ದ ಆ ಬಾಲಕಿಯರ ದೃಶ್ಯವು ಈ ಸೀಮೆಯ ಚರಿತ್ರೆಯಲ್ಲಿ ಎಷ್ಟು ದೊಡ್ಡದೆಂಬುದು ತಿಳಿದೀತು. ಸರಕಾರವು ಒಂದು ಕೈಯಿಂದ ಅವರಿಗೆ ಗಾಲಿಯನ್ನು ಕೊಟ್ಟಿತು. ಆ ಗಾಲಿ ಉರುಳುವುದಕ್ಕೆ ನಾಲ್ಕು ಅಡಿಯ ನೆಲವನ್ನು ಮಾತ್ರ ಕೊಡಲಿಲ್ಲ.

ಇರುಳಿನಲ್ಲಿ ಗುರುತು ಸಿಗದ ವಾಹನವೊಂದು ಸವಾರನನ್ನು ಕೆಡವಿ ಹೋದರೆ, 2022ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮದಂತೆ ಮೃತನ ಮನೆಯವರಿಗೆ 2 ಲಕ್ಷ ರೂಪಾಯಿಯೂ, ತೀವ್ರವಾಗಿ ಗಾಯಗೊಂಡವನಿಗೆ 50,000 ರೂಪಾಯಿಯೂ ಪರಿಹಾರವಾಗಿ ದೊರೆಯತಕ್ಕದ್ದು. ಈ ಹಕ್ಕನ್ನು ಅರಿಯದ ಕುಟುಂಬಗಳಿಗೆ ಓದು ಬಲ್ಲ ನೆರೆಯವರು ಅದನ್ನು ತಿಳಿಸಿ ಅರ್ಜಿ ಬರೆದುಕೊಡಬೇಕು. ಆದರೆ ಸಾವಿನ ಬೆಲೆಯನ್ನು ನಿಗದಿಮಾಡುವುದಕ್ಕಿಂತ ಮೊದಲು ಮಾಡಬಹುದಾದ ಕೆಲಸ ಒಂದಿದೆ, ಅದು ಬಹು ವೆಚ್ಚದ್ದೂ ಅಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ರಸ್ತೆಗಳನ್ನು ನೋಡಿಕೊಳ್ಳುವ ಎಂಜಿನಿಯರುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಈ ಸಲ ಮಳೆಗಾಲ ಮುಗಿದೊಡನೆ, ಶಾಲೆಗಳಿರುವ ಊರುಗಳ ಎರಡೂ ಬದಿಯ ಹಾದಿಯಲ್ಲಿಯಾದರೂ ಜಾಲಿಯನ್ನು ಬೇರುಸಹಿತ ಕೀಳಿಸಿರಿ, ಡಾಂಬರಿನ ಅಂಚಿಗೆ ಸಮನಾಗಿ ಮುರುಮು ತುಂಬಿಸಿ ಗಟ್ಟಿಮಾಡಿಸಿರಿ. ಅದಾಗುವವರೆಗೆ, ಲಾರಿಯ ಅಣ್ಣಂದಿರೇ, ಮುಂದೆ ಸೈಕಲ್ಲು ಕಂಡಾಗ ಹಾರ್ನನ್ನು ಬಿಟ್ಟು ಬ್ರೇಕನ್ನು ಒತ್ತಿರಿ.