ಕಳೆಯೂ ಹೌದು, ಸೊಪ್ಪೂ ಹೌದು: ರಾಗಿ ಹೊಲದ ಬೆರಕೆ ಸೊಪ್ಪು ಮತ್ತು ಕಳೆನಾಶಕದ ಶೇಷ

ದಕ್ಷಿಣ ಕರ್ನಾಟಕದ ರಾಗಿ ಸೀಮೆಯಲ್ಲಿ, ಅಂದರೆ ಕೋಲಾರ, ತುಮಕೂರು, ರಾಮನಗರ, ಮಂಡ್ಯಗಳ ಮಳೆಯಾಶ್ರಿತ ಹೊಲಗಳಲ್ಲಿ, ಕಳೆಗೂ ಸೊಪ್ಪಿಗೂ ನಡುವೆ ಖಚಿತವಾದ ಗೆರೆ ಎಂದೂ ಇರಲಿಲ್ಲ. ಮುಂಗಾರಿನ ಹದಕ್ಕೆ ರಾಗಿಯೊಂದಿಗೇ ತಲೆಯೆತ್ತುವ ಅಣ್ಣೆ, ಕನ್ನೆ, ಗೋಣಿ, ಕೀರೆ, ಗಣಿಕೆ, ಹೊನಗೊನೆಗಳನ್ನು ಯಾರೂ ಬಿತ್ತುವುದಿಲ್ಲ. ಪೈರಿನ ಗೊಬ್ಬರವನ್ನೂ ತೇವವನ್ನೂ ಅವು ಕಸಿಯುವುದರಿಂದ ಬೇಸಾಯದ ಲೆಕ್ಕದಲ್ಲಿ ಅವೆಲ್ಲ ಕಳೆ, ಕಿತ್ತ ದಿನ ಸಂಜೆಯೇ ಒಲೆಯ ಮೇಲೇರುವುದರಿಂದ ಮನೆಯ ಲೆಕ್ಕದಲ್ಲಿ ಸೊಪ್ಪು. ಹೀಗೆ ಬಗೆಬಗೆಯ ಎಲೆಗಳನ್ನು ಕೂಡಿಸಿ ತಂದದ್ದಕ್ಕೆ ಬೆರಕೆ ಸೊಪ್ಪು ಎಂಬ ಹೆಸರಿದೆ. ಕಳೆನಾಶಕದ ಶೇಷ, ಅಂದರೆ ಸಿಂಪಡಿಸಿದ ರಾಸಾಯನಿಕದಲ್ಲಿ ಗಿಡದ ಮೇಲೂ ಒಳಗೂ ಉಳಿದುಬಿಡುವ ಪಾಲು, ಈ ಸೀಮೆಯ ಊಟದ ತಟ್ಟೆಗೆ ಬರುವ ಬಗೆಯನ್ನು ತಿಳಿಯಬೇಕಾದರೆ ಬೇಳೆಕಾಳಿನ ಅಂಗಡಿಗಿಂತ ಮೊದಲು ಈ ಬೆರಕೆ ಸೊಪ್ಪಿನ ಚರಿತ್ರೆಯನ್ನು ನೋಡುವುದು ಸರಿ.

ಕಳೆ ತೆಗೆಯುವ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತಿತ್ತು. ಕೂರಿಗೆಯಲ್ಲಿ ಬಿತ್ತಿದ ರಾಗಿ ಮೂರು ನಾಲ್ಕು ವಾರದ ಪೈರಾದಾಗ ಎತ್ತು ಕಟ್ಟಿ ಸಾಲಿನ ನಡುವೆ ಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಿಸುವುದು ಗಂಡಸರ ಕೆಲಸವಾದರೆ, ಕುಂಟೆಯ ಅಲಗಿಗೆ ಸಿಗದೆ ಪೈರಿನ ಬುಡದಲ್ಲೇ ಉಳಿದದ್ದನ್ನು ಸಾಲು ಹಿಡಿದು ಕುಳಿತು ಕೈಯಿಂದ ಕೀಳುವುದು ಹೆಂಗಸರ ಕೆಲಸವಾಗಿತ್ತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ 1807ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಕೂರಿಗೆ, ಕುಂಟೆಗಳ ಹೆಸರನ್ನೂ ಬಳಕೆಯನ್ನೂ ದಾಖಲಿಸಿದ್ದಾನೆ. ಕಳೆ ಕಿತ್ತವರ ಮಡಿಲಿನಲ್ಲಿ ಮನೆಗೆ ಬಂದ ಸೊಪ್ಪು ಮಾತ್ರ ಕಂದಾಯಕ್ಕೂ ಸಂತೆಗೂ ಸೇರದ ವಸ್ತುವಾದ್ದರಿಂದ ಯಾವ ಲೆಕ್ಕದ ಪುಸ್ತಕವನ್ನೂ ಸೇರುವಂತಿರಲಿಲ್ಲ. ಒಬ್ಬರ ಹೊಲಕ್ಕೆ ಇಂದು ಹೋದವರು ನಾಳೆ ತಮ್ಮ ಹೊಲಕ್ಕೆ ಅವರನ್ನು ಕರೆಯುವ ಮುಯ್ಯಾಳು ಪದ್ಧತಿಯಲ್ಲಿ ಕೂಲಿ ಕೈ ಬದಲಾಗದಿದ್ದರೂ ಸೊಪ್ಪು ಮಾತ್ರ ಕಿತ್ತವರ ಪಾಲಾಗುತ್ತಿತ್ತು.

ಈ ಸೊಪ್ಪನ್ನು ಬೇಯಿಸುವ ರೀತಿಯೂ ಇಲ್ಲಿ ಮುಖ್ಯವಾಗುತ್ತದೆ. ಬಸ್ಸಾರಿಗೆ ಸೊಪ್ಪನ್ನು ಹುರುಳಿ, ಅವರೆ ಅಥವಾ ತೊಗರಿಬೇಳೆಯೊಂದಿಗೆ ಬೇಯಿಸಿ ನೀರನ್ನು ಬಸಿದುಕೊಳ್ಳುತ್ತಾರೆ. ಆ ಬಸಿದ ಕಟ್ಟನ್ನು ಚೆಲ್ಲದೆ, ಖಾರ ಹುಣಿಸೆ ಬೆಳ್ಳುಳ್ಳಿ ಸೇರಿಸಿ ಕುದಿಸಿದರೆ ಅದೇ ಮುದ್ದೆಗೆ ಸಾರು, ಉಳಿದ ಸೊಪ್ಪು ಕಾಳು ಒಗ್ಗರಣೆ ಕಂಡು ಪಲ್ಯ. ಎಲೆಯಲ್ಲಿದ್ದ ಸಾರವೊಂದೂ ಪೋಲಾಗದಂತೆ ತಲೆಮಾರುಗಳು ರೂಢಿಸಿಕೊಂಡ ಬಹು ಜಾಣತನದ ಅಡುಗೆ ಇದು. ಆದರೆ ನೀರಿನಲ್ಲಿ ಕರಗುವ ರಾಸಾಯನಿಕವೊಂದು ಎಲೆಯಲ್ಲಿದ್ದರೆ, ಬೆಂದ ನೀರನ್ನು ಚೆಲ್ಲುವ ಅಡುಗೆಯಲ್ಲಿ ಅದರ ಒಂದು ಪಾಲಾದರೂ ಹೊರಗೆ ಹೋಗುತ್ತಿತ್ತು. ಬಸ್ಸಾರಿನಲ್ಲಿ ಅದು ತಟ್ಟೆಗೇ ಬರುತ್ತದೆ.

ಕಳೆ ತೆಗೆಯುವುದು ಸುಖದ ಕೆಲಸವಾಗಿತ್ತೆಂದು ಭಾವಿಸುವುದು ತಪ್ಪು. ದಿನವಿಡೀ ಕುಕ್ಕರಗಾಲಿನಲ್ಲಿ ಸರಿಯುತ್ತ ಬೆನ್ನು ಮಂಡಿ ಸವೆಸಿದ ಹೆಂಗಸರ ಶ್ರಮಕ್ಕೆ ಸಿಗುತ್ತಿದ್ದ ಕೂಲಿ ಯಾವ ಕಾಲದಲ್ಲೂ ನ್ಯಾಯವಾದದ್ದಾಗಿರಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳು ಗಾರ್ಮೆಂಟ್ ಕಾರ್ಖಾನೆಗಳ ಬಸ್ಸು ಹತ್ತತೊಡಗಿದ ಮೇಲೆ ಹೊಲಕ್ಕೆ ಆಳು ಸಿಗುವುದು ಕಷ್ಟವಾಯಿತು, ಆ ಜಾಗವನ್ನು ಸಿಂಪರಣೆಯ ಕ್ಯಾನು ತುಂಬಿತು. ಇದರಲ್ಲಿ ರೈತನನ್ನು ದೂರುವಂಥದ್ದೇನೂ ಇಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡು 1945ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ 2,4-ಡಿ ಎಂಬ ಕಳೆನಾಶಕವು ಗಿಡದ ಬೆಳವಣಿಗೆಯ ಹಾರ್ಮೋನನ್ನು ಅನುಕರಿಸಿ, ಅಗಲ ಎಲೆಯ ಸಸ್ಯಗಳನ್ನು ಅಡ್ಡಾದಿಡ್ಡಿ ಬೆಳೆಸಿ ಕೊಲ್ಲುತ್ತದೆ. ರಾಗಿ, ಭತ್ತ, ಗೋಧಿಗಳಂಥ ಹುಲ್ಲಿನ ಜಾತಿಯ ಪೈರುಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಈ ಗುಣಕ್ಕೆ ಆಯ್ದು ಕೊಲ್ಲುವ ಶಕ್ತಿ ಎಂದು ಹೆಸರು. ರಾಗಿ ಹೊಲದಲ್ಲಿ ಅಗಲ ಎಲೆಯದ್ದೆಂದರೆ ಅಣ್ಣೆ, ಕೀರೆ, ಗಣಿಕೆಗಳೇ. ಮಡಿಲಿಗೆ ಬರುತ್ತಿದ್ದುದನ್ನೇ ಅದು ಆಯ್ದುಕೊಂಡಿತು.

ಕಳೆನಾಶಕದ ಶೇಷ ಆಹಾರದಲ್ಲಿದೆ ಎಂಬ ಭಯ ಒಂದು ದೇಶವನ್ನೇ ಹಿಡಿದ ಮೊದಮೊದಲ ಪ್ರಸಂಗ ನಡೆದದ್ದು ಅಮೆರಿಕದಲ್ಲಿ. 1959ರ ನವೆಂಬರ್ 9ರಂದು ಅಲ್ಲಿನ ಆರೋಗ್ಯ ಇಲಾಖೆಯ ಮುಖ್ಯಸ್ಥ ಆರ್ಥರ್ ಫ್ಲೆಮಿಂಗ್, ವಾಷಿಂಗ್ಟನ್ ಮತ್ತು ಒರೆಗಾನ್ ರಾಜ್ಯಗಳ ಕ್ರ್ಯಾನ್‌ಬೆರಿ ಹಣ್ಣಿನ ಕೆಲವು ದಾಸ್ತಾನುಗಳಲ್ಲಿ ಅಮಿನೋಟ್ರಯಜೋಲ್ ಎಂಬ ಕಳೆನಾಶಕ ಸಿಕ್ಕಿದೆಯೆಂದೂ ಅದು ಇಲಿಗಳಲ್ಲಿ ಥೈರಾಯ್ಡ್ ಕ್ಯಾನ್ಸರ್ ತಂದದ್ದು ಕಂಡುಬಂದಿದೆಯೆಂದೂ ಪ್ರಕಟಿಸಿದರು. ಈ ಹಣ್ಣಿಲ್ಲದೆ ಆಗದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹದಿನೇಳು ದಿನಗಳಷ್ಟೇ ಉಳಿದಿದ್ದವು. ಅಂಗಡಿಗಳು ಹಣ್ಣನ್ನು ಕೆಳಗಿಳಿಸಿದವು. ಹಣ್ಣು ಕೊಯ್ದ ಮೇಲಷ್ಟೇ ಸಿಂಪಡಿಸಬೇಕಿದ್ದ ರಾಸಾಯನಿಕವನ್ನು ಕೆಲವರು ಮೊದಲೇ ಸಿಂಪಡಿಸಿದ್ದು ಶೇಷಕ್ಕೆ ಕಾರಣವಾಗಿತ್ತು. ಏನನ್ನು ಸಿಂಪಡಿಸಿದರು ಎಂಬುದರಷ್ಟೇ ಯಾವಾಗ ಸಿಂಪಡಿಸಿದರು ಎಂಬುದೂ ಶೇಷವನ್ನು ನಿರ್ಧರಿಸುತ್ತದೆ.

ಭಾರತದ ಕಾನೂನಿಗೆ ಕಾರಣವಾದದ್ದು ಇನ್ನೂ ಘೋರವಾದ ಘಟನೆ. 1958ರಲ್ಲಿ ಪ್ಯಾರಾಥಯಾನ್ ಎಂಬ ಕೀಟನಾಶಕ ಬೆರೆತ ಗೋಧಿ ಹಿಟ್ಟನ್ನು ಉಂಡು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಮುಂದೆ ಬಂದ 1968ರ ಕೀಟನಾಶಕ ಕಾಯ್ದೆಯು ಕಳೆನಾಶಕಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಆಹಾರದಲ್ಲಿ ಎಷ್ಟು ಶೇಷ ಇರಬಹುದೆಂಬುದಕ್ಕೆ ಗರಿಷ್ಠ ಶೇಷಮಿತಿ ಎನ್ನುತ್ತಾರೆ. ಇದನ್ನು ಬೆಳೆಬೆಳೆಗೂ ಬೇರೆಯಾಗಿ, ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಗೊತ್ತುಮಾಡಲಾಗುತ್ತದೆ: ಗ್ಲೈಫೋಸೇಟ್ ಎಂಬ ಕಳೆನಾಶಕಕ್ಕೆ ಚಹಾದಲ್ಲಿ ಈ ಮಿತಿ 1 ಮಿಲಿಗ್ರಾಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು.

1974ರಲ್ಲಿ ಮಾರುಕಟ್ಟೆಗೆ ಬಂದ ಈ ಗ್ಲೈಫೋಸೇಟ್ ಹುಲ್ಲು, ಸೊಪ್ಪು ಎಂದು ಆಯ್ದುಕೊಳ್ಳುವುದಿಲ್ಲ; ಎಲೆಯ ಮೂಲಕ ಇಳಿದು ಬೇರಿನವರೆಗೂ ಹರಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಇದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿತು. ಅಮೆರಿಕ ಮತ್ತು ಯುರೋಪಿನ ನಿಯಂತ್ರಣ ಸಂಸ್ಥೆಗಳು ಈ ತೀರ್ಮಾನವನ್ನು ಒಪ್ಪಲಿಲ್ಲ, ವಾದ ಇನ್ನೂ ಮುಗಿದಿಲ್ಲ. ಕೊಯ್ಲಿಗೆ ಮುನ್ನ ಪೈರನ್ನು ಒಣಗಿಸಲು ಇದನ್ನು ಸಿಂಪಡಿಸುವ ರೂಢಿ ಕೆನಡಾದಂಥ ದೇಶಗಳಲ್ಲಿರುವುದರಿಂದ, ಆಮದು ಬೇಳೆಕಾಳುಗಳಲ್ಲಿ ಇದರ ಶೇಷವನ್ನು ಪರೀಕ್ಷಿಸುವಂತೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸೂಚಿಸಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಪರವಾನಗಿ ಪಡೆದ ಕೀಟ ನಿಯಂತ್ರಕರ ಮೂಲಕವಲ್ಲದೆ ಇದನ್ನು ಸಿಂಪಡಿಸಬಾರದೆಂದು ಆದೇಶಿಸಿತು.

ಭಾರತದಲ್ಲಿ ಗ್ಲೈಫೋಸೇಟ್‌ಗೆ ದೊರೆತ ಒಪ್ಪಿಗೆ ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ ಸೀಮಿತವಾದದ್ದು. ರಾಗಿ ಸೀಮೆಯಲ್ಲಿ ಬೆಳೆಯಿಲ್ಲದ ಜಾಗವೆಂದರೆ ಮೊದಲು ಕಣ್ಣಿಗೆ ಬೀಳುವುದು ಹೊಲದ ಬದು, ಕಾಲುವೆಯ ದಂಡೆ. ಹೊಲದೊಳಗೆ ಕಳೆ ಕೀಳುವುದು ನಿಂತ ಮೇಲೆ ಬೆರಕೆ ಸೊಪ್ಪು ಆರಿಸುವವರು ಹೋಗುವುದೂ ಅಲ್ಲಿಗೇ. ಕಾಗದದಲ್ಲಿ ಖಾಲಿಯಾಗಿರುವ ಬದು ಅವರಿಗೆ ಹಿತ್ತಲಿದ್ದಂತೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದು: ಗ್ಲೈಫೋಸೇಟ್ ಬಿದ್ದ ಗಿಡ ಅಂದೇ ಬಾಡುವುದಿಲ್ಲ, ಹಲವು ದಿನ ಹಸಿರಾಗಿಯೇ ಇದ್ದು ಆಮೇಲೆ ಹಳದಿಗೆ ತಿರುಗುತ್ತದೆ. ಆ ನಡುವೆ ಚಿವುಟಿದ ಕುಡಿಯನ್ನು ಎಷ್ಟು ತೊಳೆದರೂ ಒಳಗೆ ಇಳಿದದ್ದು ಹೋಗುವುದಿಲ್ಲ.

ಪ್ರತ್ಯೇಕ ಮಿತಿ ಗೊತ್ತುಮಾಡದ ಆಹಾರಗಳಿಗೆ ಕಿಲೋಗೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿ ನಿಯಮದಲ್ಲಿದೆ. ಆದರೆ ಅಂಗಡಿಗೆ ಬಾರದೆ ಮಡಿಲಿನಿಂದ ನೇರ ಒಲೆಗೆ ಹೋಗುವ ಸೊಪ್ಪಿನ ಮಾದರಿಯನ್ನು ಯಾವ ಅಧಿಕಾರಿ ಎಲ್ಲಿ ಎತ್ತಬೇಕು? ಪಂಚಾಯಿತಿ ಮಟ್ಟದಲ್ಲಿ ಬೆರಕೆ ಸೊಪ್ಪಿನ ಮಾದರಿ ಸಂಗ್ರಹಿಸಿ ಪರೀಕ್ಷಿಸುವ ಹೊಣೆಯನ್ನು ಕೃಷಿ ವಿಶ್ವವಿದ್ಯಾಲಯಗಳೂ ಆಹಾರ ಸುರಕ್ಷತಾ ಇಲಾಖೆಯೂ ಹೊರಬೇಕು. ಅಲ್ಲಿಯವರೆಗೆ, ಬದುವಿಗೆ ಕಳೆನಾಶಕ ಹೊಡೆದವರು ಅಲ್ಲಿನ ಗಿಡಗಳು ಒಣಗುವ ತನಕ ಆ ತುದಿಗೊಂದು ಈ ತುದಿಗೊಂದು ಕೋಲು ನೆಟ್ಟು ಬಟ್ಟೆ ಕಟ್ಟಿ, ಸೊಪ್ಪಿಗೆ ಬರುವ ಹೆಂಗಸರಿಗೆ ತಿಳಿಸಬೇಕು.